ವಿದುರನಿಗೆಷ್ಟು ಪಾಯಿಂಟು?

ವಿದುರನನ್ನು ಈಗಿನ ಕಂಪ್ಯೂಟರ್ ಆಟಕ್ಕೆ ಇಳಿಸಿದರೆ ಹದಿನೆಂಟು ದಿನ ಕಳೆದರೂ ಒಂದನೇ ಲೆವೆಲ್ಲಿನಲ್ಲೇ ಕೂತಿರುತ್ತಾನೆ. ಕುಮಾರವ್ಯಾಸನಲ್ಲಂತೂ ಯುದ್ಧಕ್ಕೆ ಮುಂಚೆಯೇ ಬಿಲ್ಲು ಮುರಿದು ಹಾಕಿದ ಪುಣ್ಯಾತ್ಮ. ಅರಗಿನ ಮನೆಯ ಗುಟ್ಟನ್ನು ಧರ್ಮರಾಯನ ಕಿವಿಗೆ ಒಗಟಿನಲ್ಲಿ ದಾಟಿಸಿ ಆರು ಜೀವ ಉಳಿಸಿದನಲ್ಲ, ಅದು ಯಾವ ಖಾತೆಗೆ ಜಮೆ?

ಗೌರಿಬಿದನೂರು ಸೀಮೆಯವರ ಲೆಕ್ಕವೇ ಬೇರೆ. ಉತ್ತರ ಪಿನಾಕಿನಿಯ ದಂಡೆಯಲ್ಲಿ ಅವನು ನೆಟ್ಟನೆಂಬ ಅರಳಿಯ ನೆನಪಿಗೆ ವಿದುರಾಶ್ವತ್ಥವೆಂಬ ಊರನ್ನೇ ಕೊಟ್ಟುಬಿಟ್ಟಿದ್ದಾರೆ. ದುರ್ಯೋಧನನ ಹೆಸರಿನ ಊರನ್ನು ಈ ಕಡೆ ನಾನಂತೂ ಕಂಡಿಲ್ಲ.

ಆಟ ಕಟ್ಟುವವರನ್ನು ಪೂರ್ತಿ ಬೈಯುವಂತಿಲ್ಲ. ಇಂಥ ಆಟಗಳಿಗೆಲ್ಲ ಅಜ್ಜನಾದ 1974ರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಕೊಂದದ್ದಕ್ಕಷ್ಟೇ ಅಲ್ಲ, ಹೊತ್ತು ತಂದ ಚಿನ್ನಕ್ಕೂ ಅಂಕ ಕೊಡುತ್ತಿತ್ತು. 2019ರ ಡಿಸ್ಕೋ ಎಲಿಸಿಯಂನ ಪತ್ತೇದಾರ ಹೆಚ್ಚುಕಡಿಮೆ ಮಾತಾಡಿಕೊಂಡೇ ಮೇಲೇರುತ್ತಾನೆ. ತೊಡಕಿರುವುದು ಆಡುವವರಲ್ಲಿ. ನನ್ನ ಅಣ್ಣನ ಮಗ ಕೋಟೆ ಬಾಗಿಲ ಕಾವಲುಗಾರನನ್ನು ಪುಸಲಾಯಿಸಿ ಒಳಹೊಕ್ಕ, ಅಂಕ ಬಂತು. ಹಿಂದಿರುಗಿ ಅವನನ್ನೇ ಕೆಡವಿದ, ಇನ್ನಷ್ಟು ಬಂತು.

“ಪಾಪ, ಒಳಗೆ ಬಿಟ್ಟವನಲ್ವೇನೋ?”

“ಎರಡೂ ಸಿಗುತ್ತಲ್ಲ ಚಿಕ್ಕಪ್ಪ!”

ಬಾಗಿಲು ದಾಟಿದ್ದಕ್ಕೆ ಒಂದೇ ಸಲ ಅಂಕ, ಹೇಗೆ ದಾಟಿದರೂ ಅಷ್ಟೇ ಅಂಕ ಎಂದಿದ್ದರೆ ಆ ಬಡಪಾಯಿ ಬದುಕುತ್ತಿದ್ದ.

ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಎರಡೂ ಪಕ್ಷದವರಿದ್ದಾರೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಅದೇ ಎನ್ನುತ್ತಾರೆ; ಭೀಮಲಿಂಗೇಶ್ವರನ ಗುಡಿಯೂ ಇದೆ. ಜನ ಮುಗಿಬೀಳುವುದು ಮಾತ್ರ ಬಳೆ ಮಾರುತ್ತಿದ್ದ, ಕನ್ನಡ-ತೆಲುಗು ಎರಡರಲ್ಲೂ ಹಾಡು ಕಟ್ಟಿದ ತಾತಯ್ಯನವರಲ್ಲಿಗೆ.

ಕೈಯೆತ್ತದವರಿಗೆಲ್ಲ ಇಂಥ ಬಡ್ತಿ ಸಿಗುತ್ತದೆಂದೇನಿಲ್ಲ. ಅದೇ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ನೆರೆದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆಮೇಲೆ ಸರ್ದಾರ್ ಪಟೇಲರು ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದವಾಯಿತು, ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ಸಿನದನ್ನೂ ಹಾರಿಸಬಹುದೆಂದಾಯಿತು. ಆ ಗಳಿಕೆ ಬಿದ್ದವರ ಖಾತೆಗೆ ಹೋಗಲಿಲ್ಲ, ಉಳಿದವರೆಲ್ಲ ಹಂಚಿಕೊಂಡರು.

ಹುಡುಗನನ್ನು ಒಮ್ಮೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಕರೆದೊಯ್ದೆ. ಹರಾಜು ಈಗ ಮೊಬೈಲಿನಲ್ಲೇ. ರೀಲರು ಹಾಕಿದ ರೇಟು ಹಿಡಿಸದಿದ್ದರೆ ರೈತ ಬೇಡ ಎನ್ನಬಹುದು, ಆದರೆ ಚಿಟ್ಟೆ ಗೂಡು ಒಡೆದು ಹೊರಬರುವಷ್ಟರಲ್ಲಿ ಮಾರಲೇಬೇಕು. ಯಾರೂ ಯಾರನ್ನೂ ಹೊಡೆಯದೆ ಇಷ್ಟು ಬೆವರುವುದನ್ನು ಅವನು ಕಂಡಿರಲಿಲ್ಲ.

“ಇಲ್ಲಿ ಸೇವ್ ಮಾಡಿಟ್ಟು ಮತ್ತೆ ಆಡೋಕಾಗಲ್ವಾ?” ಎಂದ.

ಪಕ್ಕದಲ್ಲಿ ಜಾಲರಿ ಎದುರು ಕೂತಿದ್ದ ರೈತರು ತಲೆ ಎತ್ತಿದರು. “ಆಗೋ ಹಂಗಿದ್ರೆ ನಾನು ಹೋದ ವಾರದ ರೇಟಿಗೇ ಹೋಗ್ತಿದ್ದೆ ಕಣಪ್ಪ.”