ರೀಲರ್ ಮಾವನಿಗೊಂದು ಬಹಿರಂಗ ಪತ್ರ

ಕನಕಪುರ

ಪೂಜ್ಯ ಸೋದರಮಾವನವರಿಗೆ,

ಮನೆಯೊಳಗೆ ಆಡಬೇಕಾದ ಮಾತನ್ನು ಬೀದಿಗೆ ತಂದಳಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ನಿಮ್ಮಂಥ ಮಾವಂದಿರು ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ನಾಲ್ಕೂ ಕಡೆ ಮನೆಗೊಬ್ಬರಂತೆ ಇದ್ದೀರಿ. ಒಬ್ಬೊಬ್ಬರಿಗೂ ಬೇರೆಬೇರೆ ಬರೆದರೆ ಅಂಚೆ ಖರ್ಚು ಹೆಚ್ಚು. ನೋಡಿ, ಇಷ್ಟು ಲೆಕ್ಕ ನನಗೂ ಬರುತ್ತದೆ.

ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟು ಬಂದ ದಿನ ನೀವು ನಮ್ಮ ಜಗಲಿ ಮೇಲೆ ಕೂತು ಆಡಿದ ಮಾತು ಇನ್ನೂ ಕಿವಿಯಲ್ಲಿದೆ. "ಮ್ಯಾಥ್ಸ್ ಯಾಕವ್ವ, ಸುಮ್ನೆ ತಲೆನೋವು. ಕಾಮರ್ಸ್ ತಗೊ. ಅದ್ರಲ್ಲೂ ಇಸ್ಟ್ರಿ ಇರೋದ್ನ ತಗೊ. ಕತೆ ಓದ್ದಂಗೆ ಓದ್ಕೊಂಡ್ ಹೋಗ್ಬೋದು." ನಿಮ್ಮ ಲೋಟದ ಕಾಫಿ ಮುಗಿಯುವಷ್ಟರಲ್ಲಿ ನಾನು ಎಚ್‌ಇಬಿಎ ಆಗಿಬಿಟ್ಟಿದ್ದೆ. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ. ಮೊದಲ ಅಕ್ಷರ ಎಂ ಆಗಿದ್ದರೆ ಬೇಸಿಕ್ ಮ್ಯಾಥ್ಸ್, ಎಸ್ ಆಗಿದ್ದರೆ ಸಂಖ್ಯಾಶಾಸ್ತ್ರ, ಸಿ ಆಗಿದ್ದರೆ ಕಂಪ್ಯೂಟರ್. ಈ ನಾಲ್ಕರಲ್ಲೂ ಉಳಿದ ಮೂರಕ್ಷರ ಒಂದೇ. ಹಣೆಬರಹವೆಲ್ಲ ಆ ಮೊದಲಕ್ಷರದಲ್ಲೇ ಇತ್ತು ಎಂದು ತಿಳಿಯುವ ಹೊತ್ತಿಗೆ ಎರಡನೇ ಪಿಯು ಮುಗಿದಿತ್ತು.

ಇತಿಹಾಸದ ಮೇಲೆ ನನಗೆ ಸಿಟ್ಟಿಲ್ಲ, ಮರುಕವಿದೆ. ನಮ್ಮ ಕ್ಲಾಸಿನಲ್ಲಿ ಅದನ್ನು ಒಲಿದು ಆರಿಸಿಕೊಂಡವರನ್ನು ನಾನು ಕಾಣಲಿಲ್ಲ. ಮಳೆಗೆ ಹೆದರಿ ಯಾರದೋ ಸೂರಿನಡಿ ನಿಂತವರ ಹಾಗೆ, ಎಲ್ಲರೂ ಗಣಿತಕ್ಕೆ ಹೆದರಿ ಅಲ್ಲಿ ನಿಂತಿದ್ದೆವು.

ಮಳೆ ಮಾತ್ರ ಬಿಡಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ಬಿ.ಎ. ಆನರ್ಸ್ ಅರ್ಥಶಾಸ್ತ್ರಕ್ಕೆ ಹನ್ನೆರಡನೇ ತರಗತಿಯ ಗಣಿತ ಬೇಕು ಎಂದರು. ನನ್ನ ಅರ್ಥಶಾಸ್ತ್ರದ ಅಂಕ ನೋಡಲು ಅಲ್ಲಿ ಯಾರೂ ಕೈ ಚಾಚಲಿಲ್ಲ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಎಂಬ, ಹೆಸರಲ್ಲೇ ಅರ್ಥಶಾಸ್ತ್ರ ಇಟ್ಟುಕೊಂಡ ಸಂಸ್ಥೆಯೂ ಹಾಗೆಯೇ: ಅರ್ಥಶಾಸ್ತ್ರ ಪದವಿಗೆ ಬರುವವರು ಎ-ಲೆವೆಲ್‌ನಲ್ಲಿ ಗಣಿತ ಓದಿರಬೇಕು, ಅರ್ಥಶಾಸ್ತ್ರ ಓದಿರದಿದ್ದರೂ ನಡೆಯುತ್ತದೆ. ಪಠ್ಯಪುಸ್ತಕದಲ್ಲಿ ಪುಟಕ್ಕೊಮ್ಮೆ ಬರುವ ಮಾರ್ಷಲ್ ಮತ್ತು ಕೇನ್ಸ್ ಇಬ್ಬರೂ ಕೇಂಬ್ರಿಜ್‌ನಲ್ಲಿ ಪದವಿ ಪಡೆದದ್ದು ಗಣಿತದಲ್ಲಿ. ಅವರಿಗೆ ನಿಮ್ಮಂಥ ಸೋದರಮಾವ ಇರಲಿಲ್ಲವೆಂದು ಕಾಣುತ್ತದೆ.

ಊರಲ್ಲೇ ಉಳಿದರೂ ತಪ್ಪಲಿಲ್ಲ. ಬಿ.ಎಸ್ಸಿ.ಯಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಜೊತೆಯಾಗಿ ಓದುವ ಇಎಂಎಸ್ ಎಂಬುದಿದೆ. ಅದರ ಬಾಗಿಲು ನನಗೆ ಹಾಕಿತ್ತು. ಸಿ.ಎ. ಫೌಂಡೇಶನ್‌ಗೆ ಯಾರು ಬೇಕಾದರೂ ಬನ್ನಿ ಎನ್ನುತ್ತಾರೆ. ಒಳಗೆ ಹೋದ ಮೇಲೆ ನಾಲ್ಕು ಪೇಪರಿನಲ್ಲಿ ಒಂದು ಗಣಿತ, ತರ್ಕ, ಸಂಖ್ಯಾಶಾಸ್ತ್ರ. ಎಂಬಿಎಗೆ ಕರೆದೊಯ್ಯುವ ಕ್ಯಾಟ್ ಪರೀಕ್ಷೆಯ ಮೂರು ಭಾಗಗಳಲ್ಲಿ ಒಂದು ಬರೀ ಲೆಕ್ಕ. ಹೇಗೋ ಡಿಗ್ರಿ ಮುಗಿಸಿ ಕೊನೆಗೆ ಅರ್ಥಶಾಸ್ತ್ರದ ಎಂ.ಎ. ಸೇರಿದೆ. ಮೊದಲ ವಾರವೇ ಮೇಷ್ಟ್ರು, ಮಾರ್ಜಿನಲ್ ಕಾಸ್ಟ್ ಎಂದರೆ ಟೋಟಲ್ ಕಾಸ್ಟಿನ ಡಿರೈವೇಟಿವ್ ಎಂದು ಬೋರ್ಡಿನ ಮೇಲೆ ಬರೆದು, ಇದು ನಿಮಗೆಲ್ಲ ಗೊತ್ತಿರುವುದೇ ಎಂದು ಒರೆಸಿಬಿಟ್ಟರು.

ನನಗೂ ಗೊತ್ತಿರಬಹುದಿತ್ತು. ಬೇಸಿಕ್ ಮ್ಯಾಥ್ಸ್ ಎಂಬ ಹೆಸರು ಕಂಡು ಅದೇನೋ ಮಗ್ಗಿ ಪುಸ್ತಕ ಎಂದುಕೊಂಡಿದ್ದೆವು. ಬಿಲ್ ಡಿಸ್ಕೌಂಟ್, ಷೇರುಗಳ ಜೊತೆಗೆ ಮ್ಯಾಟ್ರಿಕ್ಸ್, ಪ್ರೊಬಬಿಲಿಟಿ, ಡಿರೈವೇಟಿವ್, ಇಂಟಿಗ್ರೇಶನ್ ಎಲ್ಲ ಅದರಲ್ಲಿವೆ. ಸೈನ್ಸಿನವರ ಗಣಿತಕ್ಕೆ ಪಿಯು ಬೋರ್ಡು ಕೊಟ್ಟ ಸಂಕೇತ ಸಂಖ್ಯೆ 35, ಬೇಸಿಕ್ ಮ್ಯಾಥ್ಸಿಗೆ 75. ಬಹುಕಾಲ ಪಾಸಾಗಲು ಬೇಕಿದ್ದ ಅಂಕವೂ 35 ಆಗಿದ್ದರಿಂದ ಮೊದಲನೆಯದನ್ನು ಕಂಡರೆ ಭಯ ಸಹಜ. 75 ಏನು ಪಾಪ ಮಾಡಿತ್ತು?

ಎಲ್ಲ ತಪ್ಪನ್ನೂ ನಿಮ್ಮ ತಲೆಗೇ ಕಟ್ಟುವುದು ನ್ಯಾಯವಲ್ಲ. ನಾನು ಸೇರಿದ ಕಾಲೇಜಿನ ಕೌಂಟರಿನಲ್ಲಿ ಎಂಇಬಿಎ ಬಗ್ಗೆ ಕೇಳಿದ್ದರೆ "ಮೇಷ್ಟ್ರಿಲ್ಲ" ಎಂಬ ಉತ್ತರ ತಯಾರಿತ್ತು. ಕೇಳುವವರಿಲ್ಲ, ಅದಕ್ಕೆ ಮೇಷ್ಟ್ರಿಲ್ಲ. ಮೇಷ್ಟ್ರಿಲ್ಲ, ಅದಕ್ಕೆ ಕೇಳುವವರಿಲ್ಲ. 2007ರಲ್ಲಿ ಹುಟ್ಟಿದ ನಮ್ಮ ಜಿಲ್ಲೆಯೇ ಹದಿನೆಂಟು ತುಂಬುವ ಹೊತ್ತಿಗೆ, 2025ರಲ್ಲಿ, ರಾಮನಗರ ಹೋಗಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿತು. ಒಂದಕ್ಷರ ಬದಲಿಸಿಕೊಳ್ಳುವ ಅವಕಾಶ ಹದಿನೆಂಟು ತುಂಬಿದಾಗ ನನಗೆ ಯಾರೂ ಕೊಡಲಿಲ್ಲ.

ನನಗೆ ಅರ್ಥವಾಗದ ಸಂಗತಿ ಒಂದೇ, ಮಾವ. ನಮ್ಮ ವಂಶದಲ್ಲಿ ನಿಮ್ಮಷ್ಟು ದೊಡ್ಡ ಗಣಿತಜ್ಞರು ಇನ್ನೊಬ್ಬರಿಲ್ಲ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲರ್ ನೀವು; ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಒಂದು ಲಾಟಿನಿಂದ ಒಂದು ಹಿಡಿ ಗೂಡು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ ರೆಂಡಿಟ್ಟ ಹೇಳುತ್ತೀರಿ: ಒಂದು ಕೆಜಿ ನೂಲಿಗೆ ಆರೂವರೆ ಕೆಜಿ ಗೂಡು ಸಾಕೋ, ಎಂಟು ಬೇಕೋ. ಅದನ್ನು ಗೂಡಿನ ರೇಟಿಗೆ ಗುಣಿಸಿ, ಕೂಲಿ, ಸೌದೆ, ಕರೆಂಟು ಕೂಡಿಸಿ, ವೇಸ್ಟು ಮತ್ತು ಹುಳ ಮಾರಿದ ಕಾಸು ಕಳೆದು, ನೂಲಿನ ರೇಟು ಎದುರಿಗಿಟ್ಟು, ಪಕ್ಕದವನು ಕಣ್ಣು ಮಿಟುಕಿಸುವುದರೊಳಗೆ ಹರಾಜಿನಲ್ಲಿ ಬೆಲೆ ಹಾಕುತ್ತೀರಿ. ಅದು ಅನುಪಾತ, ಅಂದಾಜು, ಅಪಾಯದ ಲೆಕ್ಕ. ನನ್ನ ಎಂ.ಎ. ಸಿಲಬಸ್ಸಿನ ಅರ್ಧ ನಿಮ್ಮ ಹಿಡಿಯಲ್ಲಿದೆ. ಅಂಥವರು ಮನೆಯ ಹೆಣ್ಣುಮಕ್ಕಳ ಜಗಲಿಗೆ ಬಂದ ಕೂಡಲೇ "ಲೆಕ್ಕ ಬ್ಯಾಡ ಕಣವ್ವ" ಎನ್ನುವುದು ಯಾವ ರೆಂಡಿಟ್ಟ?

ತಂಗಿಯ ರಿಸಲ್ಟು ಬಂದಿದೆ. ಅವಳಿಗೆ ಅರ್ಥಶಾಸ್ತ್ರ ಓದಬೇಕಂತೆ. ಎಂಇಬಿಎ ಇರುವ ಕಾಲೇಜು ಹುಡುಕಿಕೊಂಡಿದ್ದೇವೆ. ಮನೆಯಿಂದ ಎರಡು ಬಸ್ಸು ಬದಲಿಸಬೇಕು, ಅಡ್ಡಿಯಿಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಅಡ್ಮಿಷನ್ನು.

ಅದೇ ದಿನ ಮಾರ್ಕೆಟ್ಟಿಗೆ ಒಳ್ಳೆಯ ಗೂಡು ಬರುತ್ತದೆಂದು ಸುದ್ದಿ. ದಯಮಾಡಿ ನೀವು ಅಲ್ಲಿಗೇ ಹೋಗಿ.

ಇಂತಿ ನಿಮ್ಮ ಸೊಸೆ,
ಎಚ್‌ಇಬಿಎ