ಬೆನ್ನು ಬಿದ್ದ ಟಾರ್ಗೆಟ್

ಗಾರ್ಮೆಂಟ್ಸ್ ಕಾರ್ಖಾನೆಗಳ ಗೋಡೆಯ ಮೇಲೆ ಒಬ್ಬಳು ಚೆಲುವೆ ಕೂತಿರುತ್ತಾಳೆ. ಬೆನ್ನು ನೆಟ್ಟಗೆ, ಕತ್ತು ನೇರ, ತುಟಿಯಲ್ಲಿ ನಗು. ಕೆಳಗೆ ಬರಹ: ‘ಸರಿಯಾಗಿ ಕುಳಿತುಕೊಳ್ಳಿ, ಆರೋಗ್ಯವಾಗಿರಿ’. ಅವಳ ಕುರ್ಚಿಗೆ ಬೆನ್ನಾಸರೆಯಿದೆ, ಎತ್ತರ ಹೊಂದಿಸುವ ಹಿಡಿಕೆಯಿದೆ. ಎದುರಿಗೆ ಹೊಲಿಗೆ ಮಷೀನು ಮಾತ್ರ ಇಲ್ಲ. ಗಂಟೆಗೆ ಇಷ್ಟು ಕಾಲರ್ ಎಂಬ ಟಾರ್ಗೆಟ್ಟೂ ಇಲ್ಲ. ಅಂಥ ಕೆಲಸ ಸಿಕ್ಕರೆ ನಾನೂ ನೆಟ್ಟಗೆ ಕೂರುತ್ತೇನೆ.

ಗೋಡೆಯ ಕೆಳಗೆ ಸ್ಟೂಲಿನ ಮೇಲೆ ಕೂತವರ ಪಾಡು ಬೇರೆ. ಸೂಜಿ ಇರುವಲ್ಲಿಗೆ ಕಣ್ಣು ಹೋಗಬೇಕು, ಕಣ್ಣಿನ ಹಿಂದೆ ಕತ್ತು ಹೋಗಬೇಕು, ಕತ್ತಿನ ಹಿಂದೆ ಬೆನ್ನು. ಕಾಲು ಪೆಡಲ್ ಬಿಡುವಂತಿಲ್ಲ. ಈ ಬೆನ್ನಿಗೆ ನೆಟ್ಟಗಾಗು ಎಂದು ಬುದ್ಧಿ ಹೇಳುವುದಕ್ಕೆ ಪೋಸ್ಟರ್ ಸಾಕು. ಮೇಜಿನ ಎತ್ತರ ಬದಲಿಸಲು ದುಡ್ಡು ಬೇಕು.

ಬಾಗಿದ ಮೈಯನ್ನು ಅಳೆಯಲು 1993ರಲ್ಲಿ ಇಂಗ್ಲೆಂಡಿನ ಮ್ಯಾಕಟಾಮ್ನಿ ಮತ್ತು ಕಾರ್ಲೆಟ್ ‘ರೂಲಾ’ ಎಂಬ ವಿಧಾನ ಕೊಟ್ಟರು. ಕತ್ತು ಎಷ್ಟು ಬಾಗಿದೆ, ತೋಳು ಎಷ್ಟು ಎತ್ತಿದೆ, ಮಣಿಕಟ್ಟು ಎಷ್ಟು ತಿರುಚಿದೆ, ಅದೇ ಕೆಲಸ ಎಷ್ಟು ಸಲ, ಎಲ್ಲ ನೋಡಿ 1ರಿಂದ 7ರವರೆಗೆ ಅಂಕ. 1 ಅಥವಾ 2 ಬಂದರೆ ಚಿಂತೆಯಿಲ್ಲ. 7 ಬಂದರೆ ಕೂಡಲೇ ಬದಲಾಯಿಸಿ ಎಂದರ್ಥ. ನಮ್ಮವರು ಇದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಸ್ಟೂಲು ಹಾಗೇ ಇರುತ್ತದೆ, ಕೂತಿದ್ದವಳು ಬದಲಾಗುತ್ತಾಳೆ.

ಪರಿಣತರ ಪ್ರಕಾರ ಮೊದಲು ಸರಿಯಾಗಬೇಕಾದ್ದು ಕೆಲಸ: ಮೇಜು, ಪೆಡಲಿನ ಜಾಗ, ಬಿಡುವು, ವೇಗ. ಕೆಲಸಗಾರರಿಗೆ ಪಾಠ ಹೇಳುವುದು ಕೊನೆಯ ಉಪಾಯ. ನಾವು ಕೊನೆಯ ಪುಟದಿಂದ ಓದಲು ಶುರುಮಾಡಿ ಅಲ್ಲೇ ಮುಗಿಸುತ್ತೇವೆ. ಜೂನ್ 21ಕ್ಕೆ ಯೋಗ, ಫೋಟೋ. ಅಷ್ಟು ಹೊತ್ತು ಕೈಬಿಟ್ಟ ಪೀಸುಗಳನ್ನು ಸಂಜೆ ಬಡ್ಡಿ ಸಮೇತ ತೀರಿಸಬೇಕು.

ಕಾನೂನಿಗೆ ಕರುಣೆ ಇಲ್ಲ ಎನ್ನಬೇಡಿ. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು, ನಿಂತು ದುಡಿಯುವವರು ಬಿಡುವು ಸಿಕ್ಕಾಗ ಕೂರಲು ಆಸನವಿರಬೇಕು ಎಂದಿತು. ಇಸ್ತ್ರಿ ಟೇಬಲ್ಲಿನ ಮುಂದೆ, ಚೆಕಿಂಗ್ ಟೇಬಲ್ಲಿನ ಮುಂದೆ ನಿಂತವರಿಗೆ ಇದು ವರವೇ ಸರಿ. ಆಸನ ಕೊಡುವುದು ಕಾಯ್ದೆ, ಬಿಡುವು ಕೊಡುವುದು ಸೂಪರ್‌ವೈಸರ್. ಇಬ್ಬರಿಗೂ ಇನ್ನೂ ಪರಿಚಯವಾಗಿಲ್ಲ. 2023ರಲ್ಲಿ ನಮ್ಮ ವಿಧಾನಮಂಡಲ, ದಿನಕ್ಕೆ 12 ಗಂಟೆವರೆಗೆ ದುಡಿಸಲು ದಾರಿ ಮಾಡಿ ತಿದ್ದುಪಡಿ ತಂದಿತು. ಬಿಡುವಿನ ಸಮಸ್ಯೆ ಹೀಗೂ ಬಗೆಹರಿಯಿತು.

ಅದೇ 1948ರ ಕಾಯ್ದೆಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ಕಸುಬಿನ ಕಾಯಿಲೆಗಳ ಪಟ್ಟಿಯಿತ್ತು. ಬೆಳೆದು ಬೆಳೆದು ಅದು 29 ಮುಟ್ಟಿತು. ಸೀಸದ ವಿಷ, ಸಿಲಿಕೋಸಿಸ್, ಗದ್ದಲದಿಂದ ಬರುವ ಕಿವುಡು ಎಲ್ಲ ಇದ್ದವು. ಸೊಂಟನೋವು, ಕತ್ತುನೋವು ಇರಲಿಲ್ಲ. ದರ್ಜಿಗಳ ಬಾಗಿದ ಬೆನ್ನಿನ ಬಗ್ಗೆ ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಬರೆದಿಟ್ಟಿದ್ದ. ಟಪಾಲು ತಡವಾಗಿರಬೇಕು.

ಪಟ್ಟಿಯಲ್ಲಿಲ್ಲದ ನೋವಿಗೆ ಯಜಮಾನ ಯಾರು? ಕಾರ್ಖಾನೆಯ ಡಾಕ್ಟರ ಕೋಣೆಯಲ್ಲಿ ವಿಚಾರಣೆ ಬೇಗ ಮುಗಿಯುತ್ತದೆ.

‘ಮನೇಲಿ ನೀರು ಹೊರ್ತೀಯೇನಮ್ಮಾ?’

‘ಹೊರ್ತೀನಿ ಸಾರ್.’

‘ಬಟ್ಟೆ?’

‘ನಾನೇ ಒಗೀತೀನಿ.’

‘ಮತ್ತೆ!’

ದಿನವಿಡೀ ಬಾಗಿದ್ದು ಲೆಕ್ಕಕ್ಕಿಲ್ಲ, ಬೆಳಿಗ್ಗೆ ಹೊತ್ತ ಎರಡು ಬಿಂದಿಗೆ ಆರೋಪಿ. ನೋವಿನ ಮಾತ್ರೆ ಕೊಟ್ಟು ಕಳಿಸುತ್ತಾರೆ. ಆಕೆ ಲೈನಿಗೆ ಮರಳುವಷ್ಟರಲ್ಲಿ ಬಂಡಲ್ಲು ರಾಶಿ ಬಿದ್ದಿರುತ್ತದೆ, ಸೂಪರ್‌ವೈಸರ್ ಗಡಿಯಾರ ನೋಡುತ್ತಿರುತ್ತಾನೆ:

‘ಒಂದ್ ಮಾತ್ರೆ ನುಂಗೋಕೆ ಇಷ್ಟೊತ್ತು ಬೇಕೇನಮ್ಮಾ?’