ಅಂಚೆವೇತನ ಲಕ್ಷಣ ದೀಪಿಕೆ

ಶಾಸ್ತ್ರ ಬರೆಯುವವನು ಮೊದಲು ಲಕ್ಷಣ ಹೇಳಬೇಕು, ಆಮೇಲೆ ವಿಭಾಗ ಮಾಡಬೇಕು, ಕೊನೆಗೆ ಪರೀಕ್ಷೆಗೆ ಇಳಿಯಬೇಕು. ಹಾಗಾದರೆ ಅಂಚೆ ನೌಕರ ಎಂದರೆ ಯಾರು? 'ಮನೆಗೆ ಕಾಗದ ಮುಟ್ಟಿಸುವವನು' ಎಂದರೆ ಅವ್ಯಾಪ್ತಿ ದೋಷ: ಕೌಂಟರಿನಲ್ಲಿ ಕೂತು ಆರ್‌ಡಿ ಕಟ್ಟಿಸಿಕೊಳ್ಳುವಾಕೆ ಹೊರಗುಳಿಯುತ್ತಾಳೆ. 'ಅಂಚೆ ಕಚೇರಿಯಲ್ಲಿ ದುಡಿಯುವವನು' ಎಂದರೆ ಅತಿವ್ಯಾಪ್ತಿ: ಮುದ್ರೆ ಒತ್ತಿ, ಚೀಲ ಕಟ್ಟಿ, ಹಳ್ಳಿಯ ಅಜ್ಜಿಗೆ ಪಿಂಚಣಿ ಎಣಿಸಿ ಕೊಡುವ ಗ್ರಾಮೀಣ ಡಾಕ್ ಸೇವಕನೂ ಒಳಗೆ ಬಂದುಬಿಡುತ್ತಾನೆ, ಇಲಾಖೆಗೆ ಅದು ಸಮ್ಮತವಲ್ಲ. ಆದ್ದರಿಂದ ನಿರ್ದುಷ್ಟವಾದ ಲಕ್ಷಣ ಇದು: ಯಾರ ಸಂಬಳಕ್ಕೆ ಲೆವೆಲ್ ಇದೆಯೋ ಆತನೇ ಅಂಚೆ ನೌಕರ. ಕೆಲಸ ಇದ್ದೂ ಲೆವೆಲ್ ಇಲ್ಲದವರ ವಿಚಾರ ಅಭಾವ ಪ್ರಕರಣದಲ್ಲಿ ಬರುತ್ತದೆ.

ಲೆವೆಲ್ ಎಂಬುದು ಏಳನೆಯ ವೇತನ ಆಯೋಗದ ಸೃಷ್ಟಿ; 2016ರ ಜನವರಿ 1ರಿಂದ ಅದರ ಲೆಕ್ಕ. ಹಳೆಯ ಗ್ರೇಡ್ ಪೇ ಅಳಿಸಿ ಆಯೋಗ ಒಂದು ಕೋಷ್ಟಕ ಹಾಕಿಕೊಟ್ಟಿತು. ಅದರಲ್ಲಿ ಅಡ್ಡಕ್ಕೆ ಸರಿದರೆ ಲೆವೆಲ್ ಬದಲಾಗುತ್ತದೆ, ಕೆಳಕ್ಕೆ ಇಳಿದರೆ ವರ್ಷ ಕಳೆಯುತ್ತದೆ. ಕೆಳಗಿಳಿದಷ್ಟೂ ಸಂಬಳ ಹೆಚ್ಚುವ ಈ ವಿಚಿತ್ರವನ್ನು ಯಾವ ಭಾಷ್ಯಕಾರನೂ ವಿವರಿಸಿಲ್ಲ. ಮೊದಲ ಲೆವೆಲ್‌ನಲ್ಲಿ ಎಂಟಿಎಸ್, ಅಂದರೆ ಮಲ್ಟಿ ಟಾಸ್ಕಿಂಗ್ ಸ್ಟಾಫ್, ಆರಂಭ 18,000 ರೂಪಾಯಿ. ಎರಡರಲ್ಲಿ ಡ್ರೈವರ್, 19,900. ಮೂರರಲ್ಲಿ ಪೋಸ್ಟ್‌ಮ್ಯಾನ್ ಮತ್ತು ಮೇಲ್ ಗಾರ್ಡ್, 21,700. ನಾಲ್ಕರಲ್ಲಿ ಪೋಸ್ಟಲ್ ಅಸಿಸ್ಟೆಂಟ್, ಜೊತೆಗೆ ರೈಲ್ವೆ ಟಪಾಲು ಸೇವೆಯಾದ ಆರ್‌ಎಂಎಸ್‌ನ ಸಾರ್ಟಿಂಗ್ ಅಸಿಸ್ಟೆಂಟ್, 25,500. ಇದರಿಂದ ಹುಟ್ಟುವ ಸೂತ್ರ: ಜಂಗಮನಿಗಿಂತ ಸ್ಥಾವರನಿಗೆ ಸಂಬಳ ಹೆಚ್ಚು. ಬಿಸಿಲಲ್ಲಿ ಬೀಟ್ ಸುತ್ತುವವನು ಮೂರರಲ್ಲಿ, ಫ್ಯಾನಿನ ಕೆಳಗೆ ಕೂತವನು ನಾಲ್ಕರಲ್ಲಿ. ಫ್ಯಾನು ತಿರುಗುತ್ತದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಭತ್ಯೆ ಇಲ್ಲ.

ಇನ್ನು ವೃದ್ಧಿ. ಅದು ಮೂರು ವಿಧ: ತಾನಾಗಿ ಬರುವುದು, ಕಾದರೆ ಬರುವುದು, ಬೆಲೆ ಏರಿದರೆ ಬರುವುದು.

ತಾನಾಗಿ ಬರುವುದೇ ವಾರ್ಷಿಕ ಇಂಕ್ರಿಮೆಂಟ್, ಶೇ 3. ಅದರ ದಿನ ಜನವರಿ 1 ಅಥವಾ ಜುಲೈ 1. ಇಲ್ಲಿ ಒಂದು ಸೂಕ್ಷ್ಮವಿದೆ. ಜೂನ್ 30ರಂದು ನಿವೃತ್ತನಾಗುವವನು ವರ್ಷವಿಡೀ ದುಡಿದು ಇಂಕ್ರಿಮೆಂಟಿನ ಹೊಸ್ತಿಲಲ್ಲೇ ಮನೆಗೆ ಹೋಗುತ್ತಿದ್ದ. ಇಂಥದೇ ಒಂದು ವ್ಯಾಜ್ಯ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮದಿಂದ ಸುಪ್ರೀಂ ಕೋರ್ಟಿಗೆ ಹೋಗಿ, ದುಡಿದು ಗಳಿಸಿದ ಇಂಕ್ರಿಮೆಂಟನ್ನು ಒಂದು ದಿನದ ನೆಪದಲ್ಲಿ ತಪ್ಪಿಸುವಂತಿಲ್ಲ ಎಂದು 2023ರ ಏಪ್ರಿಲ್ 11ರಂದು ತೀರ್ಪಾಯಿತು. ಅದರ ಫಲ ಕೇಂದ್ರ ನೌಕರರಿಗೂ ದಕ್ಕಿತು, ಪಿಂಚಣಿಯ ಲೆಕ್ಕಕ್ಕೆ ಮಾತ್ರ. ಆದರೆ ನಮ್ಮ ಕಡೆ ಜನ್ಮದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಶಾಲೆಯ ಮೇಷ್ಟ್ರು ಜೂನ್ 1 ಎಂದು ಬರೆದುಕೊಂಡರಲ್ಲ, ಅವರ ಗತಿ ಏನು? ತಿಂಗಳ ಮೊದಲ ತಾರೀಕಿಗೆ ಹುಟ್ಟಿದವನು ಹಿಂದಿನ ತಿಂಗಳ ಕೊನೆಯ ದಿನ ನಿವೃತ್ತನಾಗಬೇಕು ಎಂಬುದು ನಿಯಮ. ಜುಲೈ ಇಂಕ್ರಿಮೆಂಟಿನವನಾದರೆ ಮೇ 31ಕ್ಕೆ ಹನ್ನೊಂದೇ ತಿಂಗಳು ಆಗಿರುತ್ತದೆ. ಕೋರ್ಟಿನ ಕೃಪೆ ಅವನವರೆಗೆ ಇಳಿಯುವುದಿಲ್ಲ. ಮೇಷ್ಟ್ರು ಜೂನ್ 2 ಎಂದು ಬರೆದಿದ್ದರೆ ಸಾಕಿತ್ತು.

ಕಾದರೆ ಬರುವುದು ಎಂಎಸಿಪಿ. ಹಿಂದೆ 16 ವರ್ಷಕ್ಕೆ ಟಿಬಿಒಪಿ, 26 ವರ್ಷಕ್ಕೆ ಬಿಸಿಆರ್ ಎಂದಿದ್ದದ್ದು 2008ರ ಸೆಪ್ಟೆಂಬರಿನಿಂದ 10, 20, 30 ವರ್ಷದ ಮೂರು ಮೆಟ್ಟಿಲಾಯಿತು. ಪದೋನ್ನತಿ ಸಿಗದವನಿಗೆ ಪದವಿಲ್ಲದ ಉನ್ನತಿ. ಉದಾಹರಣೆಗೆ ಮೂಲವೇತನ 29,300ಕ್ಕೆ ಬಂದಿರುವ ಒಬ್ಬ ಪೋಸ್ಟ್‌ಮ್ಯಾನ್‌ನನ್ನು ತೆಗೆದುಕೊಳ್ಳಿ. ಎಂಎಸಿಪಿ ಎಂದರೆ ಮೊದಲು ತನ್ನ ಲೆವೆಲ್‌ನಲ್ಲೇ ಒಂದು ಮನೆ ಇಳಿದು 30,200; ಅದಕ್ಕೆ ಸಮನಾದ ಅಥವಾ ತುಸು ಮೇಲಿನ ಮನೆಯನ್ನು ನಾಲ್ಕನೆಯ ಲೆವೆಲ್‌ನಲ್ಲಿ ಹುಡುಕಿದರೆ 30,500. ಒಟ್ಟು ಲಾಭ 1,200. ಅದರಲ್ಲಿ 900 ಬರೀ ಒಂದು ಇಂಕ್ರಿಮೆಂಟ್. ಲೆವೆಲ್ ಬದಲಾದ ಸಂಭ್ರಮದ ಪಾಲು 300 ರೂಪಾಯಿ. ಇದಕ್ಕೂ ವಾರ್ಷಿಕ ವರದಿಯಲ್ಲಿ 'ಅತ್ಯುತ್ತಮ'ಕ್ಕೆ ಸಮೀಪದ 'ಬಹಳ ಒಳ್ಳೆಯದು' ಎಂಬ ಷರಾ ಬೇಕು. ಬರೀ ಒಳ್ಳೆಯವನಾದರೆ ಸಾಲದು. ಲೆವೆಲ್ ನಾಲ್ಕಾದ ಮರುದಿನವೂ ಆತ ಅದೇ ಚೀಲ ಹಿಡಿದು ಅದೇ ಬೀಟಿಗೆ ಹೋಗುತ್ತಾನೆ, ಅದೇ ನಾಯಿ ಅಟ್ಟಿಸಿಕೊಂಡು ಬರುತ್ತದೆ.

ಬೆಲೆ ಏರಿದರೆ ಬರುವುದು ಡಿಎ, ಅಂದರೆ ತುಟ್ಟಿಭತ್ಯೆ. ಜನವರಿ, ಜುಲೈಯಿಂದ ಲೆಕ್ಕ, ಆದೇಶ ಹೊರಡುವುದು ತಿಂಗಳುಗಳಾದ ಮೇಲೆ, ನಡುವಿನದು ಅರಿಯರ್ಸ್. ಹನ್ನೆರಡು ತಿಂಗಳ ಬೆಲೆ ಸೂಚ್ಯಂಕದ ಸರಾಸರಿಯಿಂದ 261.42 ಕಳೆದು, ಅದರಿಂದಲೇ ಭಾಗಿಸಿ, ನೂರರಿಂದ ಗುಣಿಸಿ, ಬಂದದ್ದರಲ್ಲಿ ಬಿಂದುವಿನ ನಂತರದ ಭಾಗವನ್ನು ಬಿಟ್ಟುಬಿಡಬೇಕು. ಶೇ 58.9 ಬಂದರೂ ಕೈಗೆ 58. ಈರುಳ್ಳಿ ಮಾರುವವನು ಹೀಗೆ ಚಿಲ್ಲರೆ ಬಿಟ್ಟುಕೊಡುವುದನ್ನು ಮಾತ್ರ ಯಾರೂ ಕಂಡಿಲ್ಲ.

ಭತ್ಯೆಗಳ ಕಾಡಿಗೆ ಹೆಚ್ಚು ಒಳಹೋಗುವುದು ಬೇಡ. ಏಳನೆಯ ಆಯೋಗ ಎಣಿಸಿದಾಗ ಕೇಂದ್ರ ಸರ್ಕಾರದಲ್ಲಿ ಒಟ್ಟು 197 ಭತ್ಯೆಗಳಿದ್ದವು, 53ನ್ನು ತೆಗೆಯಿರಿ ಎಂದಿತು. ಮನೆ ಬಾಡಿಗೆ ಭತ್ಯೆಯಲ್ಲಿ ಊರುಗಳಿಗೆ ವರ್ಣವ್ಯವಸ್ಥೆ ಇದೆ. ಬೆಂಗಳೂರು ಎಕ್ಸ್, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ, ಉಳಿದ ನಾಡೆಲ್ಲ ಜಡ್. ಡಿಎ ಶೇ 50 ಮುಟ್ಟಿದ ಮೇಲೆ ಕ್ರಮವಾಗಿ ಶೇ 30, 20, 10. ಹೊಸ ಪೋಸ್ಟ್‌ಮ್ಯಾನ್‌ಗೆ ಬೆಂಗಳೂರಲ್ಲಿ 6,510 ರೂಪಾಯಿ. ಅದಕ್ಕೆ ಅಲ್ಲಿ ಎಂಥ ಮನೆ ಸಿಗುತ್ತದೆ ಎಂಬುದನ್ನು ಓದುಗರೇ ಊಹಿಸಬೇಕು.

ಆದರೆ ಸೈಕಲ್ ಭತ್ಯೆಗೆ ಒಂದು ನಮಸ್ಕಾರ ಹಾಕದೆ ಮುಂದೆ ಹೋಗುವಂತಿಲ್ಲ. ತೆಗೆಯಬೇಕಾದ 53ರಲ್ಲಿ ಅದೂ ಒಂದಾಗಿತ್ತು. 2017ರಲ್ಲಿ ಸರ್ಕಾರ ಅಂಚೆ ಮತ್ತು ರೈಲ್ವೆಯವರಿಗೆ ಅದನ್ನು ಉಳಿಸಿಕೊಟ್ಟು ಎರಡು ಪಟ್ಟು ಮಾಡಿತು: ತಿಂಗಳಿಗೆ 90 ಇದ್ದದ್ದು 180. ದಿನಕ್ಕೆ ಆರು ರೂಪಾಯಿ. ಪಂಕ್ಚರ್ ಅಂಗಡಿಯವನ ಎದುರು ಈ ಅಂಕಿ ಹೇಳಬಾರದು.

ಈಗ ಅಭಾವ ಪ್ರಕರಣ. ಇರುವ ಪದಾರ್ಥಗಳನ್ನು ಎಣಿಸಿ ಮುಗಿಸಿದ ಮೇಲೆ ಇಲ್ಲದಿರುವುದೂ ಒಂದು ಪದಾರ್ಥವೇ ಎಂದು ನಮ್ಮ ವೈಶೇಷಿಕರು ಹೇಳಿ, ಅದರಲ್ಲಿ ನಾಲ್ಕು ಬಗೆ ಮಾಡಿದರು. ಅವರು ಅಂಚೆ ಇಲಾಖೆಯನ್ನು ಕಂಡಿರಲಿಲ್ಲ ಎಂದು ನಂಬುವುದು ಕಷ್ಟ.

ಮೊದಲನೆಯದು ಪ್ರಾಗಭಾವ, ಇನ್ನೂ ಹುಟ್ಟದಿರುವುದರಿಂದ ಇಲ್ಲದ್ದು: ಎಂಟನೆಯ ವೇತನ ಆಯೋಗದ ಸಂಬಳ. ಆಯೋಗದ ಕಾರ್ಯವ್ಯಾಪ್ತಿಗೆ ಸಂಪುಟ ಒಪ್ಪಿದ್ದು 2025ರ ಅಕ್ಟೋಬರಿನಲ್ಲಿ, ವರದಿಗೆ 18 ತಿಂಗಳ ಗಡುವು. ಎರಡನೆಯದು ಪ್ರಧ್ವಂಸಾಭಾವ, ಇದ್ದು ನಾಶವಾದದ್ದು: 2004ರ ಜನವರಿ 1ರಿಂದ ಸೇರಿದವರಿಗೆ ಹಳೆಯ ಪಿಂಚಣಿ. ಕೊರೊನಾ ಕಾಲದಲ್ಲಿ ತಡೆಹಿಡಿದ ಮೂರು ಕಂತಿನ ಡಿಎ ಕೂಡ ಇದೇ ಜಾತಿ. ಶೇ 17ಕ್ಕೆ ನಿಂತದ್ದು 2021ರ ಜುಲೈಯಲ್ಲಿ ಒಮ್ಮೆಗೇ 28 ಆಯಿತು, ನಡುವಿನ 18 ತಿಂಗಳ ಬಾಕಿ ಬರಲಿಲ್ಲ.

ಉಳಿದೆರಡಕ್ಕೆ, ಅಂದರೆ ಅನ್ಯೋನ್ಯಾಭಾವ ಮತ್ತು ಅತ್ಯಂತಾಭಾವಕ್ಕೆ, ಗ್ರಾಮೀಣ ಡಾಕ್ ಸೇವಕನೊಬ್ಬನೇ ಸಾಕು. 'ಇದು ಅದಲ್ಲ' ಎಂಬುದು ಅನ್ಯೋನ್ಯಾಭಾವ. ಸೇವಕನಿಗೆ ಬರುವುದು ಸಂಬಳವಲ್ಲ, ಟಿಆರ್‌ಸಿಎ ಎಂಬ ಭತ್ಯೆ. ಅವನನ್ನು ಅಮಾನತು ಮಾಡುವುದಿಲ್ಲ, ಕೆಲಸದಿಂದ ದೂರ ಇಡುತ್ತಾರೆ. 65ಕ್ಕೆ ಅವನು ನಿವೃತ್ತನಾಗುವುದಿಲ್ಲ, ಬಿಡುಗಡೆಯಾಗುತ್ತಾನೆ. ಅವನು ಕೇಂದ್ರದ ನಾಗರಿಕ ಸೇವೆಯ ಹೊರಗಿನವನು ಎಂದು ಅವನ ನಿಯಮಾವಳಿಯೇ ಹೇಳುತ್ತದೆ. ಪೂರ್ವಪಕ್ಷದವರು ಇದಕ್ಕೆ 1977ರ ಸುಪ್ರೀಂ ಕೋರ್ಟ್ ತೀರ್ಪನ್ನು ಎದುರಿಗಿಡುತ್ತಾರೆ: ಆಗ ಇಡಿ, ಅಂದರೆ ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್, ಏಜೆಂಟ್ ಎನಿಸಿಕೊಂಡಿದ್ದ ಇವರು ಸರ್ಕಾರದ ಸಿವಿಲ್ ಹುದ್ದೆಯವರೇ ಎಂದು ಅಲ್ಲಿ ಹೇಳಿದೆ. ಸಿದ್ಧಾಂತಿಗಳು 2019ರದನ್ನು ತರುತ್ತಾರೆ: ಸೇವಕನಾಗಿ ದುಡಿದ ವರ್ಷಗಳನ್ನು ಪಿಂಚಣಿಗೆ ಲೆಕ್ಕ ಹಿಡಿಯುವಂತಿಲ್ಲ ಎಂದು ಅದೇ ಕೋರ್ಟು ಹೇಳಿದೆ. ಎರಡನ್ನೂ ಕೂಡಿಸಿದರೆ ಹುದ್ದೆ ಉಂಟು, ವರ್ಷಗಳಿಲ್ಲ.

ವಸ್ತುವನ್ನೇ ಒಮ್ಮೆ ನೋಡೋಣ. ಮಲೆನಾಡಿನ ಒಂದು ಶಾಖಾ ಅಂಚೆ ಕಚೇರಿ. ಕಚೇರಿ ಎಂದರೆ ಬಿಪಿಎಂ, ಅಂದರೆ ಶಾಖೆಯ ಪೋಸ್ಟ್‌ಮಾಸ್ಟರ್ ಆಗಿರುವ ಸೇವಕಿಯ ಮನೆಯ ಜಗುಲಿ, ಏಕೆಂದರೆ ಜಾಗ ಒದಗಿಸುವುದು ಬಿಪಿಎಂನ ಹೊಣೆ. ಮೇಜು, ತಕ್ಕಡಿ, ತಾರೀಕಿನ ಮುದ್ರೆ, ಅರಗಿನ ತುಂಡು, ಗೋಡೆಗೆ ಒರಗಿದ ಅಡಿಕೆ ಚೀಲ. ಟಪಾಲು ಬಸ್ಸಿನಲ್ಲಿ ಬರುತ್ತದೆ. ನೆಟ್‌ವರ್ಕ್ ಅಂಗಳದ ತುದಿಯ ಹಲಸಿನ ಮರದ ಹತ್ತಿರ ಸಿಗುತ್ತದೆ. ನಿಯಮದ ಪ್ರಕಾರ ಸೇವಕನಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ಸಂಜೆ ಏಳಕ್ಕೆ ಪಕ್ಕದ ಮನೆಯಾಕೆ ಬಂದು, "ಅಕ್ಕಾ, ಗೃಹಲಕ್ಷ್ಮಿ ದುಡ್ಡು ಬಂತಾ ಸ್ವಲ್ಪ ನೋಡ್ತೀರಾ?" ಎನ್ನುತ್ತಾಳೆ. ಅಕ್ಕ ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು, ಯಂತ್ರ ಹಿಡಿದು ಹಲಸಿನ ಮರದ ಕಡೆ ನಡೆಯುತ್ತಾಳೆ. ಈ ಆರನೆಯ ಗಂಟೆಗೆ ಮೂರು ಕಾಲದಲ್ಲೂ ಅಸ್ತಿತ್ವವಿಲ್ಲ. ಅತ್ಯಂತಾಭಾವಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ಸಿಗಲಾರದು.

ಲೆವೆಲ್ ಇಲ್ಲದಿದ್ದರೂ ಸೇವಕನಿಗೆ ಗಂಟೆ ಇದೆ. ನಾಲ್ಕು ಗಂಟೆಯ ಬಿಪಿಎಂಗೆ 12,000, ಐದು ಗಂಟೆಯವರಿಗೆ 14,500, ಸಹಾಯಕ ಬಿಪಿಎಂಗೆ 10,000 ಮತ್ತು 12,000, ಮೇಲೆ ಡಿಎ. ವೇತನ ಆಯೋಗಗಳು ಇವರನ್ನು ಮುಟ್ಟುವುದಿಲ್ಲವಾಗಿ ಪ್ರತ್ಯೇಕ ಸಮಿತಿ: ತಲ್ವಾರ್, ನಟರಾಜಮೂರ್ತಿ, ಕಮಲೇಶ್ ಚಂದ್ರ. ಕೊನೆಯವರ ವರದಿ 2016ರ ನವೆಂಬರಿನಲ್ಲೇ ಬಂದಿತ್ತು. 2018ರ ಮೇ 22ರಿಂದ ಹಳ್ಳಿ ಅಂಚೆ ಕಚೇರಿಗಳು ಬಾಗಿಲು ಹಾಕಿ ಮುಷ್ಕರ ಕೂತ ಮೇಲೆ, ಜೂನ್ 6ರಂದು ಸಂಪುಟ ಅದಕ್ಕೆ ಒಪ್ಪಿತು. ಇದರಿಂದ ವೃದ್ಧಿಯ ನಾಲ್ಕನೆಯ ವಿಧವೂ ಸಿದ್ಧಿಸುತ್ತದೆ: ಬಾಗಿಲು ಹಾಕಿದರೆ ಬರುವುದು.

ಇಷ್ಟಾದ ಮೇಲೂ ನಿಯಮಾವಳಿ ಸೇವಕನಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತದೆ: ಈ ಭತ್ಯೆಯ ಹೊರತು ಸಂಸಾರ ನಡೆಸಲು ನನಗೆ ಬೇರೆ ಆದಾಯವಿದೆ ಎಂದು. ಲೋಕದಲ್ಲಿ ಕೆಲಸ ಕೊಡುವವನು 'ನಾನು ಸಂಬಳ ಕೊಡುತ್ತೇನೆ' ಎಂದು ಬರೆದುಕೊಡುತ್ತಾನೆ. ಇಲ್ಲಿ ಕೆಲಸ ಮಾಡುವವನೇ 'ನೀವು ಕೊಡುವುದು ಸಾಲದೆಂದು ನನಗೆ ಗೊತ್ತು, ಅದಕ್ಕೆ ವ್ಯವಸ್ಥೆ ಮಾಡಿಕೊಂಡಿದ್ದೇನೆ' ಎಂದು ಬರೆದುಕೊಡುತ್ತಾನೆ. ಗೋಡೆಗೆ ಒರಗಿದ ಅಡಿಕೆ ಚೀಲ ಹೀಗೆ ಸೇವಾ ನಿಯಮದ ಅಂಗ.

ಲೆವೆಲ್ ಉಳ್ಳವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಕೂರುವ ಸ್ಥಳ ಯಾವುದೂ ಇಲ್ಲವೇ ಎಂದರೆ, ಇದೆ: ಬೋನಸ್. ಈಚಿನ ವರ್ಷಗಳಲ್ಲಿ 60 ದಿನದ್ದು. ಮೂಲವೇತನ 18,000 ಇರಲಿ, 44,900 ಇರಲಿ, ಸೇವಕನ ಟಿಆರ್‌ಸಿಎ ಇರಲಿ, ಬೋನಸ್ಸಿನ ಮಟ್ಟಿಗೆ ಎಲ್ಲರ ಸಂಬಳವೂ ತಿಂಗಳಿಗೆ 7,000 ಎಂದೇ ಭಾವಿಸಬೇಕು, ತಿಂಗಳಿಗೆ 30.4 ದಿನ ಎಂದೂ ಭಾವಿಸಬೇಕು. ಭಾಗಿಸಿ ಗುಣಿಸಿದರೆ ಬರುವುದು 13,816 ರೂಪಾಯಿ, ಪೋಸ್ಟ್‌ಮಾಸ್ಟರಿಗೂ ಅಷ್ಟೇ, ಜಗುಲಿಯ ಅಕ್ಕನಿಗೂ ಅಷ್ಟೇ. ಅದೇ ಆದೇಶದಲ್ಲಿ ಕೆಳಗಡೆ ಇನ್ನೊಂದು ಪ್ಯಾರಾ ಇರುತ್ತದೆ. ದಿನಗೂಲಿ ನೌಕರನ ಸಂಬಳವನ್ನು ತಿಂಗಳಿಗೆ 1,200 ಎಂದು ಭಾವಿಸತಕ್ಕದ್ದು. ಅವನಿಗೆ 2,368.